ಮಳೆರಾಯನಿಂದ ಗಾಸ್ಪೆಲ್ ಹಾಡಿನವರೆಗೆ: ತುಮಕೂರು ಸೀಮೆಯ ಮೊರೆ

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ಸ್ವಲ್ಪ ಉದ್ದವಾಗಿದೆ, ಕಾಫಿ ಇಟ್ಟುಕೊಂಡು ಕೂತರೆ ಒಳ್ಳೆಯದು :)

ಯೂಟ್ಯೂಬಿನಲ್ಲಿ ಕನ್ನಡ ಗಾಸ್ಪೆಲ್ ಹಾಡುಗಳನ್ನು ಹುಡುಕಿದರೆ ವಾರಕ್ಕೆ ಹಲವು ಹೊಸ ಹಾಡುಗಳು ಸಿಗುತ್ತವೆ. ಹೆಚ್ಚಿನವು ಒಂದೇ ಅಚ್ಚಿನವು. ಮೊದಲು ಕೀಬೋರ್ಡಿನ ನಿಧಾನದ ನಾದ, ಆಮೇಲೆ ಒಂದು ಕೊಳಲು, ಪಲ್ಲವಿ ಎರಡನೇ ಸಲ ಬರುವ ಹೊತ್ತಿಗೆ ತಬಲವೋ ರಿದಮ್ ಪ್ಯಾಡೋ ಸೇರಿಕೊಳ್ಳುತ್ತದೆ. ವಸ್ತುವೂ ಹೆಚ್ಚುಕಡಿಮೆ ಒಂದೇ: ಕಷ್ಟ ಬಂದಿದೆ, ಕೈಬಿಡಬೇಡ. ಸಾಲ, ಕಾಯಿಲೆ, ಕೆಲಸ ಹೋದದ್ದು, ಮಕ್ಕಳಿಲ್ಲದ ಕೊರಗು, ನೆಂಟರು ಮುಖ ತಿರುಗಿಸಿದ್ದು ಎಲ್ಲವೂ ಆ ಹಾಡುಗಳಲ್ಲಿ ಬರುತ್ತವೆ. ಇವನ್ನು ಕೇಳಿದ ಕೆಲವರು "ಇದೆಲ್ಲ ಹೊರಗಿನಿಂದ ಬಂದ ಸರಕು, ನಮ್ಮ ನೆಲದ್ದಲ್ಲ" ಅನ್ನುತ್ತಾರೆ. ಇನ್ನು ಕೆಲವರು "ಮಿಷನರಿಗಳು ಕಲಿಸಿದ್ದನ್ನೇ ಇವರು ಇವತ್ತಿಗೂ ಹಾಡುತ್ತಿದ್ದಾರೆ" ಅನ್ನುತ್ತಾರೆ.

ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಇತಿಹಾಸ ನೋಡಿದರೆ ಕಾಣುವ ಚಿತ್ರವೇ ಬೇರೆ. ಇವತ್ತಿನ ಗಾಸ್ಪೆಲ್ ಹಾಡು ಮಿಷನರಿಗಳ ಹಾಡಿಗಿಂತ ನಮ್ಮ ಮಳೆರಾಯನ ಹಾಡಿಗೇ ಹತ್ತಿರದ ನೆಂಟ ಅನ್ನುವುದು ನನ್ನ ವಾದ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮಳೆ ಬಾರದ ಊರುಗಳು

ಮೊದಲು ನೆಲ. ತುಮಕೂರು ಜಿಲ್ಲೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಘಟ್ಟದ ಮೇಲೆ ಸಾವಿರಾರು ಮಿಲಿಮೀಟರ್ ಸುರಿಯುವ ಮುಂಗಾರು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬಿದ್ದರೆ ಸಮಾಧಾನ. ಅದಕ್ಕೇ ಇಲ್ಲಿ ಕೆರೆಗಳು. ಕುಣಿಗಲ್ ದೊಡ್ಡಕೆರೆಯ ಮೇಲಿನ ಜನಪದ ಗೀತೆ ಕನ್ನಡಿಗರಿಗೆಲ್ಲ ಗೊತ್ತು. ಒಂದು ಕೆರೆಯನ್ನು ಹಾಗೆ ಕಣ್ಣು ತುಂಬ ನೋಡಿ ಹಾಡಬೇಕಾದರೆ ನೀರಿಲ್ಲದ ಕಾಲವನ್ನು ಕಂಡ ಜನರೇ ಆಗಿರಬೇಕು. ಕಾವೇರಿ ಬಯಲಿನ ನಾಲೆಯಂಚಿನಲ್ಲಿರುವವರಿಗೆ ತುಂಬಿದ ಕೆರೆ ಅಷ್ಟು ದೊಡ್ಡ ಸುದ್ದಿಯಲ್ಲ.

ಮಳೆ ಕೈಕೊಟ್ಟಾಗ ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಳೆರಾಯನನ್ನು ಮಾಡುತ್ತಾರೆ. ಕೆರೆಯ ಜೇಡಿಮಣ್ಣಿನಲ್ಲಿ ಒಂದು ಗೊಂಬೆ, ಅದನ್ನು ಹಲಗೆಯ ಮೇಲಿಟ್ಟು ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುತ್ತಾರೆ. ಹುಡುಗರ ಗುಂಪು ಹಾಡುತ್ತ ಮನೆಮನೆಗೆ ಹೋಗುತ್ತದೆ. ಮನೆಯವರು ಗೊಂಬೆಯ ಮೇಲೆ ಬಿಂದಿಗೆ ನೀರು ಸುರಿಯುತ್ತಾರೆ, ರಾಗಿಯನ್ನೋ ಅಕ್ಕಿಯನ್ನೋ ಕೊಡುತ್ತಾರೆ. ಕೂಡಿದ ದವಸದಲ್ಲಿ ಅಡಿಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಉತ್ತರ ಕರ್ನಾಟಕದವರಿಗೆ ಇದೇ ಗುರ್ಜಿ.

ಈ ಆಚರಣೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಒಂದು, ಬೇಡಿಕೆ ತೀರಾ ನೇರ: ಮಳೆ ಕೊಡು. ಮೋಕ್ಷ ಬೇಡ, ವೈರಾಗ್ಯ ಬೇಡ. ಎರಡು, ಹಾಡುವವರು ಮಕ್ಕಳು. ಓದು, ಮಡಿ, ಮಂತ್ರ ಯಾವುದೂ ಬೇಕಿಲ್ಲ. ಮೂರು, ಹಾಡು ಮುಗಿಯುವ ಹೊತ್ತಿಗೆ ಮಳೆ ಬಂದಿರುವುದಿಲ್ಲ, ಆದರೆ ಊಟ ಆಗಿರುತ್ತದೆ! ಇದ್ದವರ ಮನೆಯ ರಾಗಿ ಇಲ್ಲದವರ ಹೊಟ್ಟೆಗೆ ಹೋಗಿರುತ್ತದೆ. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಗುಬ್ಬಿಗೆ ಬಂದ ದೊರೆಗಳು

ಕ್ರೈಸ್ತರ ಹಾಡು ಅಂದರೆ ಬೆಂಗಳೂರು, ಮಂಗಳೂರು ನೆನಪಾಗುವುದು ಸಹಜ. ಆದರೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಬೇರೂರಲು ನೋಡಿದ ಮೊದಲ ಜಾಗಗಳಲ್ಲಿ ಗುಬ್ಬಿ ಒಂದು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಗೆ ಬಂದು ನೆಲೆಸಿದ. ಗುಬ್ಬಿಯೇ ಯಾಕೆ? ಅದು ಆಗ ದೊಡ್ಡ ಸಂತೆಯ ಊರು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಕೂಡ ಗುಬ್ಬಿಯ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಅಡಿಕೆ, ಕೊಬ್ಬರಿ, ಬಟ್ಟೆ ಅಂತ ನಾಲ್ಕೂ ದಿಕ್ಕಿನಿಂದ ಜನ ಬರುವ ಜಾಗ. ಸುದ್ದಿ ಹರಡಬೇಕು ಅನ್ನುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು?

1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರಿಷ್ ತರುಣ ಹಾಡ್ಸನ್ ಜೊತೆ ಸೇರಿಕೊಂಡ. ವಯಸ್ಸು ಇಪ್ಪತ್ತು. ಕಣ್ಣು, ಆರೋಗ್ಯ ಎರಡೂ ಕೆಟ್ಟು 1841ರಲ್ಲಿ ವಾಪಸು ಹೋಗಬೇಕಾಯಿತು. ಊರಿಗೆ ಹೋದ ಮೇಲೆ 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಪುಸ್ತಕ ಬರೆದ. ಹಾಡ್ಸನ್ ಮಾತ್ರ ದಶಕಗಳ ಕಾಲ ಕನ್ನಡದ ಜೊತೆ ಬಾಳಿದವನು. 1859ರಲ್ಲಿ ಅವನ ಕನ್ನಡ ವ್ಯಾಕರಣ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. 1877ರಲ್ಲಿ, ಅಂದರೆ ನಮ್ಮ ಕಥೆಗೆ ತುಂಬ ಮುಖ್ಯವಾದ ವರ್ಷದಲ್ಲಿ, ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ ಡ್ಯಾನಿಯಲ್ ಎಂಬ ಹಳ್ಳಿಗನ ಕಥೆಯನ್ನು 'ಓಲ್ಡ್ ಡ್ಯಾನಿಯಲ್' ಎಂಬ ಪುಸ್ತಕವಾಗಿ ಪ್ರಕಟಿಸಿದ.

ಮೆಥಡಿಸ್ಟರಿಗೆ ಹಾಡು ಉಪ್ಪಿನಕಾಯಿಯಲ್ಲ, ಅನ್ನವೇ ಅದು. ಅವರ ಪಂಥವನ್ನು ಕಟ್ಟಿದ ಜಾನ್ ವೆಸ್ಲಿಯ ತಮ್ಮ ಚಾರ್ಲ್ಸ್ ವೆಸ್ಲಿ 6000ಕ್ಕೂ ಹೆಚ್ಚು ಹಾಡುಗಳನ್ನು ಬರೆದವನು. ಅಂಥವರು ಗುಬ್ಬಿಗೆ ಬಂದರೆ ಹಾಡದೆ ಇರುತ್ತಾರೆಯೇ? ಸಮಸ್ಯೆ ಇದ್ದದ್ದು ಎಲ್ಲಿ ಅಂದರೆ, ಯಾವ ಧಾಟಿಯಲ್ಲಿ ಹಾಡುವುದು?

ಧಾಟಿಯ ಜಗಳ

ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಮಾತು ತುರುಕಿದರೆ ಏನಾಗುತ್ತದೆ ಅಂತ ಕನ್ನಡಕ್ಕೆ ಡಬ್ ಆದ ಹಾಡು ಕೇಳಿದವರಿಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ಒತ್ತು ಬೀಳುವ ಕಡೆ ಕನ್ನಡದ ಪ್ರತ್ಯಯ ಬಂದು ಕೂರುತ್ತದೆ. ದೀರ್ಘವನ್ನು ಮೊಟಕು ಮಾಡಬೇಕು, ಹ್ರಸ್ವವನ್ನು ಎಳೆಯಬೇಕು. ನಮ್ಮ ಛಂದಸ್ಸು ನಿಂತಿರುವುದು ಮಾತ್ರೆಗಳ ಮೇಲೆ, ಅವರದ್ದು ಒತ್ತುಗಳ ಮೇಲೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ಫಾಂಟ್ ಸಮಸ್ಯೆ ಅಲ್ಲ, ಎನ್ಕೋಡಿಂಗ್ ಸಮಸ್ಯೆ!

ಕರಾವಳಿಯ ಬಾಸೆಲ್ ಮಿಷನ್ನಿನವರು ಈ ಸಮಸ್ಯೆಯನ್ನು ಮೊದಲೇ ಎದುರಿಸಿದ್ದರು. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ ಕನ್ನಡದ ಹಾಡುಗಳಿಗೂ ಕೈಹಾಕಿದ. ಅದೇ ಮೋಗ್ಲಿಂಗ್ ನಮ್ಮ ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದ. ಪುರಂದರದಾಸರನ್ನೂ ಕನಕದಾಸರನ್ನೂ ಓಲೆಗರಿಯಿಂದ ಅಚ್ಚಿನ ಹಾಳೆಗೆ ತಂದವರಲ್ಲಿ ಒಬ್ಬ ಪಾದ್ರಿ ಇದ್ದ ಅನ್ನುವುದು ಸೋಜಿಗವೇ.

ಆಮೇಲೆ ಬಂದವನು ಫರ್ಡಿನೆಂಡ್ ಕಿಟೆಲ್. 1894ರ ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಯೇಸುವಿನ ಬದುಕನ್ನು ನಮ್ಮ ದೇಶದ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನು ಪ್ರಕಟಿಸಿದ್ದ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದ. ಕನ್ನಡದ ಕಿವಿಗೆ ಕನ್ನಡದ್ದೇ ಲಯ ಬೇಕು ಅಂತ ತಿಳಿದಿದ್ದವನು.

ಪಕ್ಕದ ಭಾಷೆಗಳಲ್ಲಿ ಈ ಕೆಲಸವನ್ನು ನೆಲದ ಮಕ್ಕಳೇ ಮಾಡಿದ್ದರು. ತಂಜಾವೂರಿನ ವೇದನಾಯಗಂ ಶಾಸ್ತ್ರಿ (1774-1864) ತಮಿಳಿನಲ್ಲಿ, ಪುರುಷೋತ್ತಮ ಚೌಧರಿ (1803-1890) ತೆಲುಗಿನಲ್ಲಿ ರಾಗ ತಾಳ ಹಾಕಿ ಕೀರ್ತನೆ ಕಟ್ಟಿದರು. ಪಲ್ಲವಿ, ಅನುಪಲ್ಲವಿ, ಚರಣ ಎಲ್ಲ ನಮಗೆ ಗೊತ್ತಿರುವ ಕ್ರಮವೇ. ಕನ್ನಡ ಸಭೆಗಳಲ್ಲೂ ಒಂದು ಕಡೆ ಇಂಗ್ಲಿಷ್, ಜರ್ಮನ್ ಧಾಟಿಯ ಹಾಡು, ಇನ್ನೊಂದು ಕಡೆ ದೇಶೀ ಧಾಟಿಯ ಕೀರ್ತನೆ, ಎರಡೂ ಜೊತೆಜೊತೆಗೆ ಬೆಳೆದವು.

ಅಂದ ಹಾಗೆ, ಕನ್ನಡ ಬೈಬಲಿನಲ್ಲಿ 'ಸಾಮ್ಸ್' ಭಾಗಕ್ಕೆ ಇರುವ ಹೆಸರೇನು ಗೊತ್ತೆ? 'ಕೀರ್ತನೆಗಳು'. ದಾವೀದ ರಾಜನ ಹೆಸರಿನಲ್ಲಿರುವ ಹೀಬ್ರೂ ಮೊರೆಗಳಿಗೂ ಪುರಂದರದಾಸರ ಪದಗಳಿಗೂ ಕನ್ನಡದಲ್ಲಿ ಒಂದೇ ಹೆಸರು! ಒಟ್ಟು 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗೋಳಿನ ಹಾಡುಗಳು. ಎಷ್ಟು ದಿನ ಮುಖ ಮರೆಸಿಕೊಂಡಿರುತ್ತೀಯ ಅಂತ ದೇವರನ್ನೇ ತರಾಟೆಗೆ ತೆಗೆದುಕೊಳ್ಳುವಂಥವು. ದಾಸರ ನಿಂದಾಸ್ತುತಿ ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ.

ಆದರೆ ಒಂದು ವ್ಯತ್ಯಾಸ ಇತ್ತು. ಹತ್ತೊಂಬತ್ತನೇ ಶತಮಾನದ ಮಿಷನರಿ ಹಾಡುಗಳಲ್ಲಿ 'ಕಷ್ಟ' ಅಂದರೆ ಮುಖ್ಯವಾಗಿ ಪಾಪ. ಬಿಡುಗಡೆ ಅಂದರೆ ಪಾಪದಿಂದ ಬಿಡುಗಡೆ. ಹೊಟ್ಟೆ, ಮಳೆ, ಸಾಲ ಇವೆಲ್ಲ ಎರಡನೇ ಸಾಲಿನಲ್ಲಿ. ಇದನ್ನು ಬುಡಮೇಲು ಮಾಡುವಂಥ ಒಂದು ಕಾಲ ಬಂತು.

ಧಾತು, ಈಶ್ವರ

1876-77 ಧಾತು ಸಂವತ್ಸರ, 1877-78 ಈಶ್ವರ ಸಂವತ್ಸರ. ಆ ಬರಕ್ಕೆ ನಮ್ಮ ಕಡೆ ಧಾತು ಈಶ್ವರ ಬರ ಎಂದೇ ಹೆಸರು. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 1877ರಲ್ಲಿ ಮತ್ತೆ ಮುಂಗಾರು ತಡವಾಯಿತು. ಪೆಸಿಫಿಕ್ ಸಾಗರದ ಎಲ್ ನಿನೋ ಇದರ ಹಿಂದಿತ್ತು ಅಂತ ಈಗ ಗೊತ್ತಾಗಿದೆ. ಅದೇ ಕಾಲದಲ್ಲಿ ಚೀನಾ, ಬ್ರೆಜಿಲ್ ಎಲ್ಲ ಕಡೆ ಬರ.

ಹಳೇ ಮೈಸೂರಿನ ರೈತ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ. ರಾಗಿ ಬೇಗ ಕೆಡುವುದಿಲ್ಲ, ವರ್ಷಗಟ್ಟಲೆ ಇರುತ್ತದೆ. ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು. ಮೇಲಿಂದ ಮೇಲೆ ಬಂದ ಬರವನ್ನು ತಡೆಯಲಾಗಲಿಲ್ಲ. ಹಗೇವು ಬರಿದಾಯಿತು. ಆಮೇಲೆ ದನ ಹೋದವು, ಪಾತ್ರೆ ಹೋದವು, ಬಾಗಿಲು ಜಂತೆ ಹೋದವು, ಕೊನೆಗೆ ಜನ ಹೋದರು.

ಲೆಕ್ಕ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿಯಿತು. ಆರು ಜನರಿದ್ದ ಮನೆಯಲ್ಲಿ ಒಬ್ಬರು ಇಲ್ಲ ಅಂದುಕೊಳ್ಳಿ. ಅದೂ ಸರಾಸರಿ, ಕೂಲಿಯವರ ಕೇರಿಗಳಲ್ಲಿ ಮನೆಗೆ ಮನೆಯೇ ಖಾಲಿ.

ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು (1831ರಿಂದ 1881ರವರೆಗೆ). ಕಲ್ಕತ್ತಾ ಸರ್ಕಾರ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳಿಸಿತು. ಅವನ ಕೆಲಸ ಜನರನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ಖರ್ಚು ಉಳಿಸುವುದಾಗಿತ್ತು. ಬರಗಾಲದ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ, ದವಸ ಮತ್ತು ಮೇಲೆ ಚೂರು ಕಾಸು ಸಾಕು ಅಂತ ಅವನು ಗೊತ್ತು ಮಾಡಿದ. ಇದರಲ್ಲಿ ಆಳು ಬದುಕುವುದಿಲ್ಲ ಅಂತ ಮದರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಹೋರಾಡಿದ ಮೇಲೆ 1877ರಲ್ಲಿ ಅದನ್ನು ಏರಿಸಿದರು. ದೇಶದಲ್ಲಿ ಜನ ಸಾಯುತ್ತಿದ್ದರೂ ಬಂದರುಗಳಿಂದ ಗೋಧಿ ಹೊರಗೆ ಹೋಗುತ್ತಲೇ ಇತ್ತು. 1881ರಲ್ಲಿ ಒಡೆಯರಿಗೆ ರಾಜ್ಯ ವಾಪಸು ಕೊಡುವಾಗ ಅದರ ಜೊತೆಗೆ ಸಿಕ್ಕಿದ್ದು 80 ಲಕ್ಷ ರೂಪಾಯಿ ಸಾಲ!

ಗಂಜಿ ಮತ್ತು ಹಾಡು

ಬರ ಮುಗಿದಾಗ ಉಳಿದವರು ಮಕ್ಕಳು. ಅಪ್ಪ ಅಮ್ಮ ಇಲ್ಲದ ಮಕ್ಕಳು. ವೆಸ್ಲಿಯನ್ ಮಿಷನ್ನಿನವರು ಹುಡುಗರಿಗೆ ತುಮಕೂರಿನಲ್ಲಿ, ಹುಡುಗಿಯರಿಗೆ ಹಾಸನದಲ್ಲಿ ಅನಾಥಾಲಯ ನಡೆಸಿದರು. ತುಮಕೂರಿನಲ್ಲಿ ಹುಡುಗರಿಗೆ ಕೈಕಸುಬು ಕಲಿಸುವ ಶಾಲೆಯೂ ಇತ್ತು.

ಇಲ್ಲಿ ಬರುವುದು ನಮ್ಮ ನಡುವಿನ ಹಳೆಯ ಜಗಳ. "ಗಂಜಿ ಕೊಟ್ಟು ಮತ ಬದಲಿಸಿದರು" ಎಂಬ ಆರೋಪ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮಿಷನ್ನಿಗೆ ಮತಾಂತರದ ಉದ್ದೇಶ ಇದ್ದದ್ದು ಗುಟ್ಟಿನ ವಿಷಯವೇನಲ್ಲ, ಅವರೇ ಅದನ್ನು ಹೇಳಿಕೊಂಡು ಬಂದವರು. ಎಂಟು ವರ್ಷದ ಅನಾಥ ಹುಡುಗನಿಗೆ ಆಯ್ಕೆ ಅನ್ನುವುದು ಎಲ್ಲಿತ್ತು? ಊಟದ ಗಂಟೆಯ ಜೊತೆಗೇ ಪ್ರಾರ್ಥನೆಯ ಗಂಟೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕು. ಆ ಹುಡುಗ ಗಂಜಿ ಕುಡಿಯದೆ ಸತ್ತಿದ್ದರೆ ಅವನ ಮತ ಉಳಿಯುತ್ತಿತ್ತು, ಅವನು ಉಳಿಯುತ್ತಿರಲಿಲ್ಲ. ಒಂದು ಪೌಂಡಿನ ಲೆಕ್ಕ ಹಾಕಿದ ಸರ್ಕಾರದ ಬಗ್ಗೆ ನಮಗೆ ಬಾರದ ಸಿಟ್ಟು ಗಂಜಿ ಹಾಕಿದವರ ಮೇಲೆ ಮಾತ್ರ ಬರುವುದು ಯಾವ ನ್ಯಾಯ? ಇನ್ನೂ ಒಂದು. ಊರ ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಒಂದು ಹಂಚಿನ ಮಾಡಿನ ಕೆಳಗೆ ನಿಂತು ದೇವರ ಹೆಸರನ್ನು ಗಟ್ಟಿಯಾಗಿ ಹಾಡುವುದೇ ದೊಡ್ಡ ಸಂಗತಿ. ಹಾಡಿನ ಅರ್ಥಕ್ಕಿಂತ ಹಾಡಲು ಬಿಟ್ಟರು ಅನ್ನುವುದು ಮುಖ್ಯವಾದ ಕಾಲ ಅದು. ಕೇರಿಯವನ ದನಿ ಕೇಳಿ ಮೈಲಿಗೆಯಾಗದ ಒಂದು ಜಾಗ. ಇದನ್ನು ಬರಿಯ ಗಂಜಿಯ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲ.

ಇದೇ ತುಮಕೂರಿನ ಪಕ್ಕದಲ್ಲಿ ಸಿದ್ಧಗಂಗೆ ಇದೆ. ಅಲ್ಲಿ ಉದ್ದಾನ ಶಿವಯೋಗಿಗಳ ಕಾಲದಿಂದ, ಆಮೇಲೆ ಶಿವಕುಮಾರ ಸ್ವಾಮೀಜಿಗಳ (1907-2019) ಎಂಟು ದಶಕಗಳ ದುಡಿಮೆಯಲ್ಲಿ, ಬಡಮಕ್ಕಳಿಗೆ ಅನ್ನ, ಅಕ್ಷರ, ವಸತಿ ಸಿಕ್ಕಿತು. ಜಾತಿ ಕೇಳಲಿಲ್ಲ. ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಸಾಲಾಗಿ ಕೂತು ಬೆಳಿಗ್ಗೆ ಸಂಜೆ ಪ್ರಾರ್ಥನೆ ಮಾಡುವುದನ್ನು ನೋಡಿದವರು ಮರೆಯಲಾರರು. ಕುಣಿಗಲ್ ತಾಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲೂ ದಾಸೋಹ ಇದೆ. ಆ ಸಿದ್ಧಲಿಂಗ ಯತಿಗಳೂ ನೂರಾರು ವಚನ ಬರೆದವರು. ಮಠ, ಮಿಷನ್ ಎರಡರ ಉದ್ದೇಶ ಒಂದೇ ಅಂತ ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಹಸಿವಿನ ಸೀಮೆಯಲ್ಲಿ ಅನ್ನವೂ ಹಾಡೂ ಯಾವಾಗಲೂ ಒಂದೇ ಪಂಕ್ತಿಯಲ್ಲಿ ಕೂತಿವೆ. ಮಳೆರಾಯನ ಹುಡುಗರ ಊಟ ನೆನಪಿದೆ ತಾನೆ?

'ನೀನು' ಎಂಬ ಪದ

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು. ಹಳೇ ಮೈಸೂರಿನ ಕೂಲಿಯಾಳು ಗೌಡರಿಗೆ, ಶ್ಯಾನುಭೋಗರಿಗೆ, ಅಮಲ್ದಾರರಿಗೆ 'ಬುದ್ಧಿ', 'ಸ್ವಾಮಿ' ಅಂತಲೇ ಮಾತಾಡಬೇಕಿತ್ತು. 'ನೀನು' ಅಂದರೆ ಬೆನ್ನಿನ ಚರ್ಮ ಹೋಗುತ್ತಿತ್ತು. ಆದರೆ ದೇವರಿಗೆ? ವಚನದಲ್ಲಿ ನೀನು. ದಾಸರ ಪದದಲ್ಲಿ ನೀನು. ತತ್ವಪದದಲ್ಲಿ, ಮಳೆರಾಯನ ಹಾಡಿನಲ್ಲಿ ನೀನು. ಚರ್ಚಿನ ಹಾಡಿನಲ್ಲೂ ನೀನೇ. ಲೋಕದಲ್ಲಿರುವ ದೊಡ್ಡವರಲ್ಲೆಲ್ಲ ದೊಡ್ಡವನಿಗೆ ಬಡವ ಏಕವಚನದಲ್ಲಿ ಮಾತಾಡಬಹುದಿತ್ತು, ಕೂಗಾಡಬಹುದಿತ್ತು, ಕಿವುಡನೇ ಅಂತ ಬೈಯಬಹುದಿತ್ತು. ಬೈದರೂ ಅವನು ಕೂಲಿ ಕಡಿತ ಮಾಡುತ್ತಿರಲಿಲ್ಲ!

ಮೊರೆಯ ಹಾಡನ್ನು ಬರಿಯ ದೈನ್ಯ ಅಂತ ಓದುವವರು ಈ 'ನೀನು' ಅನ್ನುವುದನ್ನು ಗಮನಿಸುವುದಿಲ್ಲ ಅನ್ನಿಸುತ್ತದೆ. ಅದು ದೈನ್ಯವೂ ಹೌದು, ಸಲಿಗೆಯೂ ಹೌದು, ಹಕ್ಕಿನ ಮಾತೂ ಹೌದು.

ಗಾಸ್ಪೆಲ್ ಎಂಬ ಹೆಸರು

'ಗಾಸ್ಪೆಲ್' ಅಂದರೆ ಸುವಾರ್ತೆ. ಹಾಡಿನ ಹೆಸರಾಗಿ ಅದು ಹೆಚ್ಚು ಬಳಕೆಗೆ ಬಂದದ್ದು 1870ರ ದಶಕದ ಅಮೆರಿಕದಲ್ಲಿ. 1875ರಲ್ಲಿ ಫಿಲಿಪ್ ಬ್ಲಿಸ್ ಮತ್ತು ಐರಾ ಸ್ಯಾಂಕಿ 'ಗಾಸ್ಪೆಲ್ ಹಿಮ್ಸ್' ಎಂಬ ಪುಸ್ತಕ ತಂದರು. ಸಲೀಸಾದ ಧಾಟಿ, ಮತ್ತೆ ಮತ್ತೆ ಬರುವ ಪಲ್ಲವಿ, 'ನಾನು' ಅಂತ ಶುರುವಾಗುವ ಅನುಭವ. ಅದರ ಮರುವರ್ಷವೇ ಇಲ್ಲಿ ಧಾತು ಸಂವತ್ಸರ.

ಇವತ್ತು ಗಾಸ್ಪೆಲ್ ಅಂದರೆ ನೆನಪಾಗುವ ಕಪ್ಪು ಜನರ ಸಂಗೀತಕ್ಕೆ ರೂಪ ಕೊಟ್ಟವನು ಥಾಮಸ್ ಡಾರ್ಸಿ. ಅವನು ಮೊದಲು ಬ್ಲೂಸ್ ನುಡಿಸುತ್ತಿದ್ದವನು. 1932ರಲ್ಲಿ ಅವನು ಪರಊರಿನಲ್ಲಿದ್ದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಹುಟ್ಟಿದ್ದು 'ಪ್ರೆಷಸ್ ಲಾರ್ಡ್' ಹಾಡು. ಅದು ಪಾಪದ ಹಾಡಲ್ಲ, ಸುಸ್ತಾದವನ ಹಾಡು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಇದನ್ನೇ. ಸೋತವನ ಮೊರೆ ಹಕ್ಕಿಗಾಗಿ ಹೋರಾಡಿದವರ ಹಾಡೂ ಆಯಿತು.

ವಾದ್ಯದ ಕಥೆಯೂ ಸ್ವಾರಸ್ಯದ್ದು. ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ಡಿಬೇನ್ 1842ರಲ್ಲಿ ಪೇಟೆಂಟ್ ಮಾಡಿದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದ್ದು. 1875ರ ಸುಮಾರಿಗೆ ಕಲ್ಕತ್ತಾದಲ್ಲಿ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ಒತ್ತುವ ಪೆಟ್ಟಿಗೆ ಮಾಡಿದ. ಆ ಪೆಟ್ಟಿಗೆ ಚರ್ಚಿಗೂ ಹೋಯಿತು, ಭಜನೆ ಮಂಡಳಿಗೂ ಹೋಯಿತು, 1884ರಲ್ಲಿ ಹುಟ್ಟಿದ ನಮ್ಮ ಗುಬ್ಬಿ ಕಂಪನಿಯಂಥ ನಾಟಕದವರ ಕೈಗೂ ಬಂತು. ಅದೇ 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಹಳ್ಳಿಯವನ ಕಿವಿಗೆ ನಾಟಕದ ಕಂದ, ಭಜನೆಯ ಪದ, ಚರ್ಚಿನ ಕೀರ್ತನೆ ಮೂರೂ ಒಂದೇ ಪೆಟ್ಟಿಗೆಯ ಶ್ರುತಿಯಲ್ಲಿ ಬಂದವು. ಗಡಿ ಹಾಕಿದವರು ನಾವು, ಪೆಟ್ಟಿಗೆಗೆ ಗಡಿ ಗೊತ್ತಿರಲಿಲ್ಲ.

ಪಾಪದಿಂದ ಮತ್ತೆ ಮಳೆಗೆ

1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್ಐನಲ್ಲಿ ಸೇರಿಕೊಂಡವು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ಕ್ಯಾಥೊಲಿಕ್ ಚರ್ಚುಗಳಲ್ಲೂ ಲ್ಯಾಟಿನ್ ಹೋಗಿ ಕನ್ನಡ ಬಂತು. ಆಮೇಲೆ ಕ್ಯಾಸೆಟ್ ಕಾಲ, ಸೀಡಿ ಕಾಲ. ಈಗ ಮೊಬೈಲ್. ಹಾಡು ಬರೆಯಲು ಮಿಷನ್ನಿನ ಅಪ್ಪಣೆ ಬೇಡ, ಅಚ್ಚು ಹಾಕಿಸಲು ಪ್ರೆಸ್ ಬೇಡ. ಗಾರೆ ಕೆಲಸದವನು, ಗಾರ್ಮೆಂಟ್ಸ್ ಹುಡುಗಿ, ಆಟೋ ಓಡಿಸುವವನು ಯಾರು ಬೇಕಾದರೂ ಕಟ್ಟಿ ಹಾಡಬಹುದು.

ಹಾಗೆ ಬರೆಯುವ ಅಧಿಕಾರ ಜನರ ಕೈಗೆ ಬಂದ ಕೂಡಲೇ ಹಾಡಿನ ವಸ್ತು ಬದಲಾಯಿತು. ಪಾಪ ಹಿಂದೆ ಸರಿಯಿತು, ಕಷ್ಟ ಮುಂದೆ ಬಂತು. 2020ರ ಮಾರ್ಚ್ 25ರಿಂದ ದೇಶವೇ ಬೀಗ ಹಾಕಿಕೊಂಡಾಗ, 2021ರ ಎರಡನೇ ಅಲೆಯಲ್ಲಿ ಜನ ಆಮ್ಲಜನಕಕ್ಕೆ ಪರದಾಡುವಾಗ, ಗುಡಿ ಮಸೀದಿ ಚರ್ಚುಗಳೆಲ್ಲ ಮುಚ್ಚಿದ್ದವು. ಆಗ ಮನೆಯ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಹಾಡಿ ಕಳಿಸಿದ ಮೊರೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬೇಡಿದ್ದು ಉಸಿರು, ಕೆಲಸ, ಮನೆಯವರ ಜೀವ. ಮಳೆ ಕೊಡು ಅನ್ನುವಷ್ಟೇ ನೇರವಾದ ಬೇಡಿಕೆ.

ಮೊದಲು ಹೇಳಿದ ನನ್ನ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ. ಹೊಸ ಗಾಸ್ಪೆಲ್ ಹಾಡು ಮಿಷನರಿಗಳ ಪುಸ್ತಕದಿಂದ ದೇವರ ಹೆಸರನ್ನು ತೆಗೆದುಕೊಂಡಿದೆ. ಆದರೆ ಬೇಡುವ ರೀತಿಯನ್ನು, ಬೇಡುವ ವಸ್ತುವನ್ನು ಈ ಒಣನೆಲದಿಂದ ತೆಗೆದುಕೊಂಡಿದೆ. ನೇರ ಬೇಡಿಕೆ, ಓದು ಬೇಡದ ಹಾಡುಗಾರ, ಹಾಡಿನ ಸುತ್ತ ಸೇರುವ ಜನ. ಮಳೆರಾಯನ ಮೂರೂ ಲಕ್ಷಣ ಇಲ್ಲಿವೆ. ಹೊರಗಿನ ಸರಕು ಅನ್ನುವವರು ಹೆಸರನ್ನಷ್ಟೇ ನೋಡುತ್ತಿದ್ದಾರೆ, ದನಿಯನ್ನು ಕೇಳುತ್ತಿಲ್ಲ.

ಹಾಡಿದರೆ ನೀರು ಬರುತ್ತದೆಯೇ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. 1877ರ ಸಾವುಗಳಿಗೆ ಮಳೆಯೊಂದೇ ಕಾರಣವಲ್ಲ. ಕೂಲಿಯ ಲೆಕ್ಕ, ಧಾನ್ಯದ ರಫ್ತು, ತಡವಾಗಿ ಬಂದ ನೆರವು ಎಲ್ಲ ಸೇರಿತ್ತು. ಅದಕ್ಕೇ ಸರ್ಕಾರವೇ 1880ರಲ್ಲಿ ಕ್ಷಾಮ ಆಯೋಗದ ವರದಿ ತರಿಸಿಕೊಂಡು ಬರಗಾಲದ ನಿಯಮಾವಳಿ ಮಾಡಬೇಕಾಯಿತು. ಹಾಗಿರುವಾಗ ದೇವರಿಗೆ ಮೊರೆಯಿಡುವ ಹಾಡು ನಿಜವಾದ ಹೊಣೆಗಾರರನ್ನು ಮರೆಸುವುದಿಲ್ಲವೇ? ಸಾಲಗಾರನ ಮೇಲೆ ಬರಬೇಕಾದ ಸಿಟ್ಟನ್ನು ಕಣ್ಣೀರಾಗಿ ಇಳಿಸುವುದಿಲ್ಲವೇ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇವತ್ತು ಗುಬ್ಬಿ, ತುಮಕೂರು, ಕುಣಿಗಲ್ ಮೂರಕ್ಕೂ ಹೇಮಾವತಿ ನಾಲೆಯ ನೀರೇ ಆಸರೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯುವ ಲಿಂಕ್ ಕೆನಾಲ್ ಯೋಜನೆಯ ವಿರುದ್ಧ ಗುಬ್ಬಿ ಕಡೆಯ ರೈತರು 2025ರಲ್ಲಿ ಬೀದಿಗಿಳಿದರು. ನಮ್ಮ ಪಾಲು ಹೋಗುತ್ತದೆ ಅಂತ ಇವರು, ನಮ್ಮ ಪಾಲು ಇದುವರೆಗೆ ಬಂದೇ ಇಲ್ಲ ಅಂತ ಅವರು. ಎರಡೂ ಕಡೆಯ ರೈತರು ಮನೆಯಲ್ಲಿ ದೇವರಿಗೆ ದೀಪ ಹಚ್ಚಿಯೇ ಬಂದಿರುತ್ತಾರೆ. ದೀಪ ಹಚ್ಚಿದ್ದರಿಂದ ಧರಣಿ ನಿಲ್ಲಲಿಲ್ಲ. ಧರಣಿ ಕೂತದ್ದರಿಂದ ದೀಪ ಆರಲಿಲ್ಲ. ನಮ್ಮ ಜನಕ್ಕೆ ಯಾವುದನ್ನು ಯಾರ ಹತ್ತಿರ ಕೇಳಬೇಕು ಅನ್ನುವುದು ಚೆನ್ನಾಗಿಯೇ ಗೊತ್ತು.

ಮೊರೆಯ ಹಾಡು ಅಪಾಯವಾಗುವುದು ಒಂದೇ ಸಂದರ್ಭದಲ್ಲಿ. ಹಾಡಿಸುವವನು ಹಾಡನ್ನು ಮಾರಲು ಶುರುಮಾಡಿದಾಗ. ಇಷ್ಟು ಕಾಣಿಕೆ ಕೊಟ್ಟರೆ ಸಾಲ ತೀರುತ್ತದೆ, ಔಷಧಿ ಬಿಟ್ಟು ಪ್ರಾರ್ಥನೆ ಮಾಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಅಂದಾಗ. ಇದು ಯಾವ ಒಂದು ಮತದ ರೋಗವೂ ಅಲ್ಲ, ಎಲ್ಲ ಕಡೆ ಇದೆ. ಮಳೆರಾಯನ ಹುಡುಗರು ಸಂಗ್ರಹಿಸಿದ ರಾಗಿಯನ್ನು ಊರಿಗೇ ಬಡಿಸುತ್ತಿದ್ದರು. ಹಾಡಿನಿಂದ ಕೂಡಿದ್ದು ಯಾರ ತಟ್ಟೆಗೆ ಹೋಯಿತು ಅನ್ನುವುದನ್ನು ನೋಡಿದರೆ ಸಾಕು, ಹಾಡು ಸಾಚಾನೋ ಅಲ್ಲವೋ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜಿಯ ಬಾಯಲ್ಲಿ, ಬರಗಾಲದ್ದೋ ಪ್ಲೇಗಿನದ್ದೋ ಕಾಲರಾದ್ದೋ ಮೊರೆಯ ಪದ ಉಳಿದಿದ್ದರೆ ದಯವಿಟ್ಟು ಬರೆದಿಟ್ಟುಕೊಳ್ಳಿ. ಮಾರಮ್ಮನದ್ದಾಗಲಿ, ಮಾದಪ್ಪನದ್ದಾಗಲಿ, ಯೇಸುವಿನದ್ದಾಗಲಿ, ಪೀರರದ್ದಾಗಲಿ ಯಾವುದಾದರೂ ಸರಿ. ಹಳೆಯ ಸಂಗೀತ ಪುಸ್ತಕ ಅಟ್ಟದ ಮೇಲಿದ್ದರೆ ರದ್ದಿಗೆ ಹಾಕಬೇಡಿ. ಎಂಟೂವರೆ ಲಕ್ಷ ಜನ ಕಡಿಮೆಯಾದರು ಅಂತ ಜನಗಣತಿ ಹೇಳುತ್ತದೆ. ಉಳಿದವರು ರಾತ್ರಿ ಹೊತ್ತು ಏನು ಬೇಡಿಕೊಂಡರು ಅನ್ನುವುದನ್ನು ಹೇಳಲು ಹಾಡೊಂದೇ ಇರುವುದು.